ತಪ್ಪುಗಳ ಮೇಜು

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತಾರೆ. ಹಲ್ಲಿನವರ ಹೆಣ ಹೊರಡುವುದನ್ನು ಕಾಯುತ್ತ ಕಂಕನಾಡಿಯ ಆ ಅಂಗಳದಲ್ಲಿ ನಿಂತಿದ್ದ ನಾವು ಕೆಲವರು ಅದಕ್ಕೆ ಪ್ರಯತ್ನಪಟ್ಟೆವು. "ಕೆಲಸ ಅಂದ್ರೆ ಅವರದ್ದು ಕೆಲಸ" ಎಂದರು ಒಬ್ಬರು. ಎಲ್ಲರೂ ತಲೆಯಾಡಿಸಿದೆವು. "ಜನ್ಮದಲ್ಲಿ ಒಂದು ಸುಳ್ಳು ಹೇಳಿದ ಮನುಷ್ಯ ಅಲ್ಲ" ಎಂದರು ಇನ್ನೊಬ್ಬರು. ಈ ಸಲ ಯಾರ ತಲೆಯೂ ಆಡಲಿಲ್ಲ. ಸತ್ತವರು ಹೇಳಿದ ನಿಜಗಳಲ್ಲಿ ತನ್ನ ಪಾಲಿಗೆ ಬಂದದ್ದು ಯಾವುದೆಂದು ಪ್ರತಿಯೊಬ್ಬರಿಗೂ ನೆನಪಾಗಿರಬೇಕು.

ಕಟ್ಟುಹಲ್ಲು ಮಾಡುವುದು ಅವರ ಕಸುಬು. ಹೆಸರು ಹಿಡಿದು ವಿಚಾರಿಸಿದರೆ ಯಾರೂ ಮನೆ ತೋರಿಸುತ್ತಿರಲಿಲ್ಲ; 'ಹಲ್ಲಿನವರು' ಎಂದರೆ ಮೀನಿನ ಬುಟ್ಟಿ ಹೊತ್ತ ಹೆಂಗಸೂ ಕೈ ತೋರಿಸುತ್ತಿದ್ದಳು. ಆಸ್ಪತ್ರೆಯ ಡಾಕ್ಟರುಗಳು ಹಲ್ಲು ಕಿತ್ತು ಕಳಿಸಿದವರೆಲ್ಲ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಮಾರ್ಕೆಟಿನ ಹಿಂದಿನ ಅವರ ಮಹಡಿ ಹತ್ತುತ್ತಿದ್ದರು. ನಾನು ಅದೇ ಕಟ್ಟಡದಲ್ಲಿ ಕೆಳಗಿನ ಮನೆಯ ಬಾಡಿಗೆದಾರ, ಕಾಫಿ ಕ್ಯೂರಿಂಗ್ ಕಚೇರಿಯೊಂದರಲ್ಲಿ ಗುಮಾಸ್ತ. ಬೆಳಗ್ಗೆ ನಾನು ಕ್ಷೌರ ಮಾಡಿಕೊಳ್ಳುವಾಗ ತಲೆಯ ಮೇಲೆ ಅವರ ಅರದ ಸದ್ದು ಶುರುವಾಗುತ್ತಿತ್ತು.

ಉದ್ದದ, ಬಡಕಲು ಮನುಷ್ಯ. ಕುತ್ತಿಗೆಯವರೆಗೆ ಗುಂಡಿ ಹಾಕಿದ ಬಿಳಿ ಅಂಗಿ. ಬಲಗೈಯ ಕಿರುಬೆರಳಿನ ಉಗುರು ಮಾತ್ರ ಉದ್ದ ಬಿಟ್ಟಿದ್ದರು. ನೀವು ಮಾತಾಡುವಾಗ ಅವರು ನಿಮ್ಮ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ಹಾಗಾಗಿ ಅವರ ಮುಂದೆ ಎಲ್ಲರ ಮಾತೂ ಚುಟುಕಾಗುತ್ತಿತ್ತು.

ನಮ್ಮ ಬೀದಿಯಲ್ಲೇ ಒಂದು ಮದುವೆಯ ಮಾತುಕತೆ ನಡೆದಿತ್ತು. ಗಂಡಿನ ತಂದೆ ಪಾನಕ ಕುಡಿಯುತ್ತ, "ಹುಡುಗಿಯ ನಗು ನೋಡಿಯೇ ನಮ್ಮ ಮನೆಯವರು ಒಪ್ಪಿದ್ದು" ಎಂದರು. ನೆರೆಯವರೆಂದು ಕರೆದಿದ್ದ ಹಲ್ಲಿನವರು ಮೂಲೆಯಲ್ಲಿ ಕೂತಿದ್ದವರು, "ಮೇಲಿನ ಎದುರು ಹಲ್ಲು ಎರಡು ನನ್ನವು" ಎಂದುಬಿಟ್ಟರು. ಹುಡುಗಿ ಚಿಕ್ಕವಳಿದ್ದಾಗ ಬಾವಿಕಟ್ಟೆಯ ಮೇಲೆ ಬಿದ್ದು ಮುರಿದುಕೊಂಡದ್ದು. ಆ ಸಂಬಂಧ ಕೂಡಿಬರಲಿಲ್ಲ. ಹುಡುಗಿಯ ಸೋದರಮಾವ ಮೆಟ್ಟಿಲ ಕೆಳಗೆ ನಿಂತು ಬಾಯಿಗೆ ಬಂದಂತೆ ಬೈದ. ಇವರು ಮೇಲಿನಿಂದ, "ನಾನು ಹೇಳಿದ್ದರಲ್ಲಿ ತಪ್ಪು ಎಂತ ಉಂಟು? ಎರಡಲ್ಲವಾ? ಮೂರು ಅಂದೆನಾ?" ಎಂದು ಕೇಳಿದರು. ಅಣಕವಲ್ಲ, ನಿಜವಾಗಿ ಕೇಳಿದ್ದು.

ಅವರ ಹೆಂಡತಿಯ ಹಲ್ಲೂ ಹೋಗಿದ್ದವು. ಆಕೆಗೆ ಅವರು ಸೆಟ್ಟು ಮಾಡಿದರು, ಬಾಯಿಗಿಟ್ಟು ನೋಡಿದರು, ತೆಗೆದು ಒಡೆದರು. ಇನ್ನೊಂದು ಮಾಡಿದರು, ಅದನ್ನೂ ಒಡೆದರು. ಆಕೆ ನನ್ನ ಹೆಂಡತಿಯೊಡನೆ ಹೇಳಿಕೊಂಡಿದ್ದರಂತೆ: "ನನಗೆ ಸರಿ ಆಗಿತ್ತು ಮಾರಾಯ್ತಿ, ಚಕ್ಕುಲಿ ಸಹ ತಿಂದೆ. ಹಾಗೆ ಹೇಳಿದ್ದಕ್ಕೆ ಎಂತ ಹೇಳಿದರು ಗೊತ್ತುಂಟಾ? ನಿನಗೆ ಸರಿಯಾದರೆ ಸಾಲದು, ನನಗೆ ಸರಿಯಾಗಬೇಕು ಅಂತ." ಆ ಮಳೆಗಾಲವಿಡೀ ಆಕೆ ಗಂಜಿ ಕುಡಿದರು. ಊರಿಗೆಲ್ಲ ಹಲ್ಲು ಕೊಡುವವರ ಮನೆಯ ಸೆರಗು ಯಾವಾಗಲೂ ಬಾಯಿಯ ಮೇಲೇ ಇರುತ್ತಿತ್ತು.

ತುಳುವಿನಲ್ಲಿ 'ಆವು' ಎಂಬ ಮಾತುಂಟು. ಆಗಲಿ, ಪರವಾಗಿಲ್ಲ, ನಡೆಯುತ್ತದೆ, ಎಲ್ಲವೂ ಅದರಲ್ಲಿ ಬರುತ್ತದೆ. ಊರು ನಡೆಯುವುದೇ ಆ ಮಾತಿನ ಮೇಲೆ. ಅವರ ಎದುರು ಅದನ್ನು ಅಂದರೆ ಮುಖ ಬಿಗಿಯುತ್ತಿತ್ತು. "ಆವು ಅಂತ ಹೇಳಿ ಬಾಯಿಗೆ ಇಡ್ತೀರಿ. ತಿಂಗಳು ಕಳೆದ ಮೇಲೆ ಅಲ್ಲಿ ಹುಣ್ಣು. ಹುಣ್ಣು ಯಾರದ್ದು? ಆವು ಅಂದವನದ್ದಲ್ಲ."

ಇಂಥವರ ಮಹಡಿಯಲ್ಲಿ ನಾನು ಕೆಲವು ವರ್ಷ ಭಾನುವಾರಗಳನ್ನು ಸಂತೋಷದಿಂದ ಕಳೆದೆ ಎಂದರೆ ಯಾರೂ ನಂಬುವುದಿಲ್ಲ. ಆದರೆ ಕಳೆದದ್ದು ನಿಜ. ಅದಕ್ಕೆ ಕಾರಣ ಉಮ್ಮರ್.

ಉಮ್ಮರ್ ಹೊಳೆಯಾಚೆಯ ಬೆಂಗ್ರೆಯವನು. ಬಂದರಿನಲ್ಲಿ ಅವನ ತಂದೆಗೆ ಹಗ್ಗ ಮತ್ತು ಬಲೆನೂಲಿನ ಅಂಗಡಿ. ಮನೆಮಾತು ಬ್ಯಾರಿ ಭಾಷೆ; ತಂದೆ ಇದಿನಬ್ಬ ಬ್ಯಾರಿಗಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಮನೆಯಲ್ಲಿ ಹೈಸ್ಕೂಲು ಮೆಟ್ಟಿಲು ಹತ್ತಿದವನು ಉಮ್ಮರ್ ಒಬ್ಬನೇ. ಅಂಗಡಿಗೆ ಬರುವ ಕಾಗದಗಳನ್ನೆಲ್ಲ ಅವನು ಗಟ್ಟಿಯಾಗಿ ಓದಿ ಅರ್ಥ ಹೇಳಬೇಕು, ತಂದೆ ಕಣ್ಣು ಮುಚ್ಚಿ ಕೇಳಬೇಕು. ಅವನಿಗೆ ಆಗ ಇಪ್ಪತ್ತೈದರ ಹತ್ತಿರ ಇದ್ದೀತು. ತಾಯಿಗೆ ಹಲ್ಲು ಕಟ್ಟಿಸಲು ಹಲ್ಲಿನವರಲ್ಲಿಗೆ ಬಂದವನು ಮೇಜಿನ ಮೇಲಿನ ಸೂಜಿಯಂಥ ಅರಗಳನ್ನು, ಚಿಮಟಗಳನ್ನು ನೋಡಿ ಬಾಯಿಬಿಟ್ಟು ನಿಂತನಂತೆ. ಮುಂದಿನ ಸಲ ಬರುವಾಗ ಬಗಲಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇತ್ತು.

ಅವನ ಸೋದರಮಾವ ಹಡಗಿನಲ್ಲಿ ಕೆಲಸಕ್ಕಿದ್ದ. ಯಾವುದೋ ದೂರದ ಬಂದರಿನಿಂದ ತಂದ ಪೆಟ್ಟಿಗೆ ಅದು. ಒಳಗೆ ಪ್ಲಾಸ್ಟಿಕ್ಕಿನ ಕಡ್ಡಿಗಳಿಗೆ ಕಾಯಿ ಕಚ್ಚಿಕೊಂಡ ಹಾಗೆ ಬಾಗಿಲು, ಸೀಟು, ಚಕ್ರ, ಸ್ಟಿಯರಿಂಗ್. ಒಂದೊಂದನ್ನೇ ಮುರಿದು, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿದರೆ ಅಂಗೈ ಮೇಲೆ ನಿಲ್ಲುವ ಕಾರು, ದೊಡ್ಡ ಕಾರಿನ ಪಡಿಯಚ್ಚು. ಉಮ್ಮರ್ ಒಂದು ಅರ ಎರವಲು ಕೇಳಲು ಬಂದಿದ್ದ. ಹಲ್ಲಿನವರು ಅರ ಕೊಟ್ಟರು, ಮೇಜು ಕೊಟ್ಟರು, ದೀಪ ಹತ್ತಿರ ಎಳೆದರು, ಕೊನೆಗೆ ಪಕ್ಕದಲ್ಲಿ ತಾವೂ ಕೂತರು.

ಹಾಗೆ ಶುರುವಾಯಿತು. ಸದ್ದು ಕೇಳಿ ನಾನು ಮೇಲೆ ಹೋದೆ. ಬಿಕರ್ನಕಟ್ಟೆಯಿಂದ ಲಿಗೋರಿ ಬಂದ. ಮೋಟಾರು ಬಿಡಿಭಾಗಗಳ ಅಂಗಡಿಯಲ್ಲಿ ಮಾರಾಟಕ್ಕಿದ್ದವನು, ದೊಡ್ಡ ಕಾರಿನ ಭಾಗಗಳೆಲ್ಲ ಅವನಿಗೆ ಬಾಯಿಪಾಠ. ಕಾರು ಕೊಳ್ಳುವ ಯೋಗ್ಯತೆ ನಮ್ಮಲ್ಲಿ ಯಾರಿಗೂ ಇರಲಿಲ್ಲ, ಕಾರಿನ ಬಾಗಿಲು ತೆರೆದು ಒಳಗೆ ಕೂತ ನೆನಪೂ ಒಬ್ಬೊಬ್ಬರಿಗೆ ಒಂದೆರಡೇ. ಅಂಥ ನಾವು ಚಹಾ ಆರಿಹೋಗುವವರೆಗೆ ಬಂಪರು ಸೊಟ್ಟವೋ ನೇರವೋ ಎಂದು ವಾದ ಮಾಡುತ್ತಿದ್ದೆವು. ಮಾವ ರಜೆಯಲ್ಲಿ ಬಂದಾಗಲೆಲ್ಲ ಹೊಸ ಪೆಟ್ಟಿಗೆಗಳು ಬರುತ್ತಿದ್ದವು. ಉಮ್ಮರ್ ತನಗೊಂದು ಇಟ್ಟುಕೊಂಡು ಉಳಿದದ್ದನ್ನು ನಮಗೆ ಹಂಚುತ್ತಿದ್ದ. ನಾವು ಕಟ್ಟಿದ ಕಾರುಗಳೆಲ್ಲ ಅವನ ಕೈಯಿಂದ ಬಂದವೇ.

ಹಲ್ಲಿನವರು ವಸ್ತುಗಳ ವಿಷಯದಲ್ಲಿ ಕರ್ಣ. ಅರ, ಬ್ಲೇಡು, ಬಣ್ಣ, ಪಾಲಿಶ್ ಯಾವುದಕ್ಕೂ ಇಲ್ಲ ಎನ್ನಲಿಲ್ಲ. ಒಮ್ಮೆ ನನ್ನ ಪೆಟ್ಟಿಗೆಯಲ್ಲಿ ಹಿಂದಿನ ಸೀಟೇ ಇರಲಿಲ್ಲ. ಎರಡು ಭಾನುವಾರ ಕೂತು ಅವರು ಹಲ್ಲಿನ ಒಸಡು ಮಾಡುವ ಗುಲಾಬಿ ದ್ರವ್ಯದಲ್ಲೇ ಸೀಟು ಎರಕ ಹೊಯ್ದು ಕೊಟ್ಟರು, ಹೊಲಿಗೆಯ ಗೆರೆಗಳೂ ಇದ್ದವು. ಒಸಡಿನ ಬಣ್ಣದ ಸೀಟಿನ ಕಾರು ಇಡೀ ಲೋಕದಲ್ಲಿ ನನ್ನ ಹತ್ತಿರ ಒಂದೇ ಇದ್ದದ್ದು.

ಆದರೆ ಮಾತಿನಲ್ಲಿ ಒಂದು ಹನಿ ಇಲ್ಲ. ಮುಗಿದ ಕಾರನ್ನು ಅವರ ಮುಂದೆ ಇಟ್ಟರೆ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು. ಆ ಕಿರುಬೆರಳಿನ ಉಗುರು ಮೆಲ್ಲಗೆ ಸರಿದು ಒಂದು ಕಡೆ ನಿಲ್ಲುತ್ತಿತ್ತು. "ಇಲ್ಲಿ." ಇನ್ನೊಂದು ಕಡೆ. "ಇಲ್ಲಿ." ಅಷ್ಟೇ. ಲಿಗೋರಿಗೆ ನಗು ಬರುತ್ತಿತ್ತು, ನನಗೆ ಅಭ್ಯಾಸವಾಗಿತ್ತು. ಉಮ್ಮರ್ ಮಾತ್ರ ಉಗುರು ನಿಂತ ಜಾಗವನ್ನೇ ನೋಡುತ್ತ ತುಟಿ ಕಚ್ಚುತ್ತಿದ್ದ. ಮುಂದಿನ ವಾರ ಅದನ್ನು ಕಿತ್ತು ಮತ್ತೆ ಮಾಡಿ ತರುತ್ತಿದ್ದ. ಬಿಸ್ಕೆಟ್ ಡಬ್ಬಿಯಲ್ಲಿ ಹತ್ತಿ ಹಾಸಿ, ಬೆಂಗ್ರೆಯ ದೋಣಿಯಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬರುವುದು. "ನೀರು ಹಾರಿದರೆ ಬೆನ್ನು ಕೊಡ್ತೇನೆ" ಎಂದು ನಗುತ್ತಿದ್ದ.

ಊರಿನ ಒಂದು ಶಾಲೆಯ ಸಭಾಂಗಣದಲ್ಲಿ ಹವ್ಯಾಸಗಳ ಪ್ರದರ್ಶನ ಇಡುತ್ತಾರೆಂದು ಸುದ್ದಿ ಬಂತು. ಅಂಚೆಚೀಟಿ, ಕಸೂತಿ, ಚಿಪ್ಪಿನ ಗೊಂಬೆಗಳ ಜೊತೆ ನಮ್ಮ ಕಾರುಗಳಿಗೂ ಜಾಗ ಕೊಟ್ಟರು. ವ್ಯವಸ್ಥೆ ಹಲ್ಲಿನವರದ್ದು. ಉಮ್ಮರ್ ಆ ಸಲ ಕೆಂಪು ಬಣ್ಣದ, ಹಿಂದೆ ರೆಕ್ಕೆ ಇರುವ ತೆರೆದ ಕಾರು ಕಟ್ಟಿದ್ದ. ನಮ್ಮೆಲ್ಲರದ್ದರಲ್ಲಿ ಅದೇ ಚಂದ. ಲಿಗೋರಿ ಅದನ್ನು ನೋಡಿ, "ಇದರಲ್ಲಿ ಹತ್ತಿ ಕೂತು ಉಳ್ಳಾಲಕ್ಕೆ ಹೋಗಬಹುದು ಮಾರಾಯ" ಎಂದಿದ್ದ. ಹಲ್ಲಿನವರು ಅದನ್ನು ತುಂಬಾ ಹೊತ್ತು ತಿರುಗಿಸಿ ನೋಡಿ, "ಇದನ್ನು ನಾನು ಬೇರೆ ಮೇಜಿನಲ್ಲಿ ಇಡ್ತೇನೆ" ಎಂದರು. ಉಮ್ಮರನ ಮುಖ ಹಿಗ್ಗಿ ಎಷ್ಟಾಯಿತೋ! ಅವನು ಮನೆಯಲ್ಲಿ ಹೇಳಿದ. ಈ ಮಕ್ಕಳಾಟಿಕೆ ಬಿಡು ಎಂದು ಸದಾ ಗೊಣಗುತ್ತಿದ್ದ ತಂದೆ ಪ್ರದರ್ಶನಕ್ಕೆ ಬರುತ್ತೇನೆಂದು ಒಪ್ಪಿದರು.

ಆ ದಿನ ನಾನು ಕಚೇರಿ ಮುಗಿಸಿ ಸಭಾಂಗಣಕ್ಕೆ ಹೋಗುವಾಗ ಜನ ಸೇರಿದ್ದರು. ನಮ್ಮ ಕಾರುಗಳು ಉದ್ದನೆಯ ಮೇಜಿನಲ್ಲಿ ಸಾಲಾಗಿ ನಿಂತಿದ್ದವು. ಪಕ್ಕದಲ್ಲಿ ಬಿಳಿ ಬಟ್ಟೆ ಹಾಸಿದ ಸಣ್ಣ ಮೇಜು, ಅದರ ಮೇಲೆ ಒಂಟಿಯಾಗಿ ಉಮ್ಮರನ ಕೆಂಪು ಕಾರು. ಅದರ ಸುತ್ತ ಹಲ್ಲಿಗೆ ಬಳಸುವ ಸಣ್ಣ ತಂತಿಗಳನ್ನು ನೆಟ್ಟು, ಪ್ರತಿ ತಂತಿಗೂ ಕಾಗದದ ಬಾವುಟ ಅಂಟಿಸಿದ್ದರು. ಬಾವುಟಗಳಲ್ಲಿ ಹಲ್ಲಿನವರ ದುಂಡು ಅಕ್ಷರ: 'ಬಾಗಿಲ ಸಂದಿನಲ್ಲಿ ಅಂಟು ಉಕ್ಕಿದೆ.' 'ಬಣ್ಣ ಒಣಗುವ ಮೊದಲು ಬೆರಳು ತಾಗಿದೆ.' 'ಗಾಜಿಗೆ ಮಬ್ಬು.' 'ಒಂದು ಚಕ್ರ ನೆಲ ಮುಟ್ಟುವುದಿಲ್ಲ.' ಮೇಜಿನ ಅಂಚಿನಲ್ಲಿ ದೊಡ್ಡ ರಟ್ಟು: 'ತಪ್ಪುಗಳು. ಕಲಿಯುವವರು ನೋಡಬೇಕು.'

ಶಾಲೆಯ ಮಕ್ಕಳು ಮುಗಿಬಿದ್ದು ಓದುತ್ತಿದ್ದರು. ಬಾವುಟ ಓದುವುದು, ಕಾರು ನೋಡುವುದು, ಕಿಸಕ್ಕೆಂದು ನಗುವುದು.

ಉಮ್ಮರ್ ಬಂದ. ಇಸ್ತ್ರಿ ಮಾಡಿದ ಅಂಗಿ. ಹಿಂದೆ ತಂದೆ, ಬಿಳಿ ಮುಂಡು, ತಲೆಗೆ ರುಮಾಲು. ಅವರ ಹಿಂದೆ ಕಪ್ಪು ಬುರ್ಖಾದಲ್ಲಿ ತಾಯಿ. ಉಮ್ಮರ್ ದೂರದಿಂದಲೇ ಕೈ ತೋರಿಸಿ, "ಅಲ್ಲಿ, ಬೇರೆಯೇ ಇಟ್ಟದ್ದು" ಎಂದು ಹೇಳುತ್ತ ಬಂದವನು ಮೇಜಿನ ಹತ್ತಿರ ನಿಂತುಬಿಟ್ಟ. ಒಂದು ಬಾವುಟ ಓದಿದ. ಇನ್ನೊಂದು ಓದಿದ.

ತಂದೆ ಬಗ್ಗಿ ಕಾರು ನೋಡಿದರು. ಅವರ ಮುಖ ಅರಳಿತ್ತು. "ಇಷ್ಟು ಕಾಗದ ಯಾವುದಕ್ಕೂ ಹಚ್ಚಿಲ್ಲ, ನಿನ್ನದಕ್ಕೆ ಮಾತ್ರ" ಎಂದರು ಬ್ಯಾರಿ ಭಾಷೆಯಲ್ಲಿ. "ಎಂತ ಬರೆದಿದ್ದಾರೆ? ಓದು."

ಉಮ್ಮರ್ ಒಂದು ಕ್ಷಣ ನನ್ನ ಕಡೆ ನೋಡಿದ. ಆಮೇಲೆ ಮೊದಲನೆಯ ಬಾವುಟಕ್ಕೆ ಬೆರಳಿಟ್ಟು, "ಬಾಗಿಲು ಚೆನ್ನಾಗಿ ಕೂತಿದೆ ಅಂತ" ಎಂದ. "ಇದು?" "ಬಣ್ಣ ಒಳ್ಳೆಯದಾಗಿದೆ ಅಂತ." "ಇದು?" "ಗಾಜು ನಿಜವಾದ ಗಾಜಿನ ಹಾಗೆ ಉಂಟು ಅಂತ." ತಾಯಿ ಬುರ್ಖಾದೊಳಗಿನಿಂದ ಏನೋ ಹೇಳಿ ನಕ್ಕರು. ತಂದೆ ಮಗನ ಬೆನ್ನ ಮೇಲೆ ಕೈಯಿಟ್ಟರು.

ಹಲ್ಲಿನವರು ನನ್ನ ಪಕ್ಕದಲ್ಲೇ ನಿಂತಿದ್ದರು. ಗಿರಾಕಿಗಳ ಸಹವಾಸದಿಂದ ಬ್ಯಾರಿ ಭಾಷೆ ನನಗಿಂತ ಅವರಿಗೆ ಚೆನ್ನಾಗಿ ಬರುತ್ತಿತ್ತು. ನಾನು ಅವರ ಮೊಣಕೈ ಹಿಡಿದೆ. "ಬೇಡ" ಎಂದೆ. ಅವರು ನನ್ನ ಕೈಯನ್ನು ಬಿಡಿಸಿಕೊಂಡು ಮುಂದೆ ಹೋದರು.

"ಹಾಗಲ್ಲ ಬ್ಯಾರಿಗಳೇ. ಅವನು ತಪ್ಪು ಓದಿದ" ಎಂದರು. ಕಿರುಬೆರಳಿನ ಉಗುರನ್ನು ಬಾವುಟದ ಮೇಲಿಟ್ಟು, ಒಂದೊಂದನ್ನೇ, ಶಬ್ದಕ್ಕೆ ಶಬ್ದ, ಅವರದೇ ಭಾಷೆಯಲ್ಲಿ ಓದಿ ಹೇಳಿದರು. ಅಂಟು ಉಕ್ಕಿದ್ದು, ಬೆರಳು ತಾಗಿದ್ದು, ಮಬ್ಬು, ನೆಲ ಮುಟ್ಟದ ಚಕ್ರ. ರಟ್ಟಿನಲ್ಲಿ ಬರೆದದ್ದನ್ನೂ ಬಿಡಲಿಲ್ಲ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಖುಷಿಯೂ ಇರಲಿಲ್ಲ.

ಇದಿನಬ್ಬ ಬ್ಯಾರಿಗಳು ಕೊನೆಯವರೆಗೆ ಕೇಳಿದರು. ಮಗನ ಬೆನ್ನ ಮೇಲಿದ್ದ ಕೈ ಕೆಳಗೆ ಬಂತು. "ಚಕ್ರ ನೆಲ ಮುಟ್ಟದಿದ್ದರೆ ನನಗೆ ಎಂತ ನಷ್ಟ ಇಲ್ಲ. ಆಟದ ಕಾರು" ಎಂದರು. ಆಮೇಲೆ ಮಗನ ಕಡೆ ತಿರುಗಿದರು: "ನನಗೆ ಓದಲು ಬರುವುದಿಲ್ಲ ಅಂತ ಹೀಗೆ ಓದಿದೆಯಾ? ಅಂಗಡಿಯ ಕಾಗದವನ್ನೂ ಇಷ್ಟು ವರ್ಷ ಹೀಗೇ ಓದಿದ್ದಾ?"

"ಬಾಪಾ, ಇಲ್ಲ" ಎಂದ ಉಮ್ಮರ್. "ಅಲ್ಲಾಹನಾಣೆ, ಇಲ್ಲ."

"ನನಗೆ ಹೇಗೆ ಗೊತ್ತಾಗಬೇಕು?"

ಮಕ್ಕಳ ನಗು ನಿಂತಿತ್ತು. ತಂದೆ ತಿರುಗಿ ಹೊರಟರು, ತಾಯಿ ಅವರ ಹಿಂದೆ. ಉಮ್ಮರ್ ಕಾರನ್ನು ತೆಗೆದುಕೊಳ್ಳದೆ ಅವರ ಬೆನ್ನ ಹಿಂದೆ ಓಡಿದ.

ನಾನು ಬಾವುಟಗಳನ್ನೆಲ್ಲ ಕಿತ್ತು ಮುದ್ದೆಮಾಡಿ ಎಸೆದೆ. ಹಲ್ಲಿನವರು ತಡೆಯಲಿಲ್ಲ. "ಕೀಳಿ. ತಪ್ಪು ಹಾಗೇ ಇರ್ತದೆ" ಎಂದರು.

"ಅವನದ್ದನ್ನೇ ಯಾಕೆ ಇಟ್ಟಿರಿ? ನನ್ನದರಲ್ಲಿ ತಪ್ಪಿಲ್ಲವಾ? ಲಿಗೋರಿಯದ್ದರಲ್ಲಿ?"

"ನಿಮ್ಮದರಲ್ಲಿ ತಪ್ಪು ಹುಡುಕಿ ಪ್ರಯೋಜನ ಇಲ್ಲ. ನೀವು ಅಷ್ಟೇ. ಅವನು ಮುಂದೆ ಹೋಗುವವನು. ನನಗಿಂತ ಮುಂದೆ ಹೋಗುವವನು."

"ಅದನ್ನು ಅವನಿಗೆ ಒಂದು ದಿನ ಹೇಳಿದ್ದೀರಾ?"

ಅವರು ನಿಜವಾಗಿಯೂ ಆಶ್ಚರ್ಯದಿಂದ ನನ್ನ ಬಾಯಿ ನೋಡಿದರು. "ಎಂತಕ್ಕೆ? ಅದು ತಪ್ಪಲ್ಲವಲ್ಲ. ತಪ್ಪಾದರೆ ಹೇಳಬೇಕು."

ಆಮೇಲೆ ಭಾನುವಾರಗಳು ನಡೆಯಲಿಲ್ಲ. ಲಿಗೋರಿ ಬರುವುದನ್ನು ಬಿಟ್ಟ. ನಾನು ಕಟ್ಟಿದ ಕಾರುಗಳನ್ನು ಕೆಳಗೆ ತಂದು ಕಪಾಟಿನಲ್ಲಿ ಇಟ್ಟೆ. ಬಂದರಿನಲ್ಲಿ ಇದಿನಬ್ಬ ಬ್ಯಾರಿಗಳು ಮಗನನ್ನು ಅಂಗಡಿಯಿಂದ ಹೊರಗೆ ಹಾಕಲಿಲ್ಲ. ಅವನಿಂದ ಓದಿಸುವುದನ್ನು ಮಾತ್ರ ನಿಲ್ಲಿಸಿದರು. ಕಾಗದ ಬಂದರೆ ಅವನೆದುರೇ ಮಡಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಆಳುಗಳ ಮುಂದೆ, ಗಿರಾಕಿಗಳ ಮುಂದೆ. ಆ ಅಂಗಡಿಯಲ್ಲಿ ಅವನು ಹಗ್ಗ ಅಳೆಯುವವನಾಗಿ ಉಳಿದ. ಮಳೆ ಮುಗಿಯುವಷ್ಟರಲ್ಲಿ ಮಾವನ ಹಡಗಿನಲ್ಲಿ ಅಡಿಗೆ ಕೋಣೆಯ ಕೆಲಸ ಹಿಡಿದು ಹೋಗಿಬಿಟ್ಟ. ಹೋಗುವ ಮುಂಚೆ ನನ್ನ ಕಚೇರಿಗೆ ಬಂದಿದ್ದ. "ಹಲ್ಲಿನವರು ಓದಿದ್ದು ಸರಿಯೇ ಅಲ್ವಾ?" ಎಂದ. ಅವನಿಗೆ ನೋವಾದದ್ದು ಅದರಿಂದಲೇ.

ಇದನ್ನು ನಾನು ಹಲ್ಲಿನವರಿಗೆ ಹೇಳಿದೆ. ಉಜ್ಜುತ್ತಿದ್ದ ಹಲ್ಲಿನಿಂದ ತಲೆಯೆತ್ತದೆ, "ಅಡಿಗೆ ಕೋಣೆ ಅವನ ಕೈಗೆ ಒಳ್ಳೆಯದಲ್ಲ. ಬೆರಳು ಸುಡ್ತದೆ" ಎಂದರು. ಅಷ್ಟು ಬೇಸರವನ್ನು ನಾನು ಅವರಲ್ಲಿ ಅದಕ್ಕಿಂತ ಮೊದಲು ಕಂಡಿರಲಿಲ್ಲ.

ಆಮೇಲಿನದ್ದನ್ನು ನೋಡಿದ ನನಗೇ ನಂಬಲು ಹೊತ್ತು ಹಿಡಿಯಿತು. ಒಂದು ಬೆಳಗ್ಗೆ ಮೆಟ್ಟಿಲಲ್ಲಿ ರುಮಾಲು ಕಂಡಿತು: ಇದಿನಬ್ಬ ಬ್ಯಾರಿಗಳು. ಜಗಳಕ್ಕೆ ಬಂದರೆಂದುಕೊಂಡು ನಾನೂ ಮೇಲೆ ಓಡಿದೆ. ಅವರು ಜೇಬಿನಿಂದ ಕಾಗದಗಳ ಕಟ್ಟು ತೆಗೆದು ಹಲ್ಲಿನವರ ಮುಂದೆ ಇಟ್ಟರು. "ಓದಿ. ನೀವು ಇದ್ದದ್ದನ್ನು ಓದುತ್ತೀರಿ." ಅಂದಿನಿಂದ ವಾರಕ್ಕೊಮ್ಮೆ ಬಂದರಿನಿಂದ ಕಂಕನಾಡಿಗೆ ಬರುವುದು ಅವರ ಪದ್ಧತಿಯಾಯಿತು. ಹಲ್ಲಿನವರು ಕೆಲಸ ಬದಿಗಿಟ್ಟು, ತೆರಿಗೆಯ ನೋಟೀಸು, ಸಾಮಾನಿನ ಪಟ್ಟಿ, ಯಾರದೋ ಮನೆಯ ಮದುವೆ ಕಾಗದ, ಎಲ್ಲವನ್ನೂ ಒಂದೇ ದನಿಯಲ್ಲಿ ಓದುತ್ತಿದ್ದರು. ಬ್ಯಾರಿಗಳು ಕಣ್ಣು ಮುಚ್ಚಿ ಕೇಳುತ್ತಿದ್ದರು. ಮಗನ ಮಾತು ಇಬ್ಬರೂ ಎತ್ತುತ್ತಿರಲಿಲ್ಲ. ಎರಡು ವರ್ಷಕ್ಕೂ ಹೆಚ್ಚು ಹೀಗೆ ನಡೆಯಿತು.

ಉಮ್ಮರ್ ರಜೆಯಲ್ಲಿ ಊರಿಗೆ ಬಂದ ದಿನವೂ ನಾನು ಅಲ್ಲಿದ್ದೆ, ನನ್ನ ತಾಯಿಯ ಸೆಟ್ಟು ಸರಿಮಾಡಿಸಲು. ಬ್ಯಾರಿಗಳು ಕುರ್ಚಿಯಲ್ಲಿ ಕೂತಿದ್ದರು, ಹಲ್ಲಿನವರು ಕನ್ನಡಕ ಒರೆಸುತ್ತಿದ್ದರು. ಉಮ್ಮರ್ ಬಾಗಿಲಲ್ಲಿ ನಿಂತ. ಕಪ್ಪಾಗಿದ್ದ, ಬಲಗೈಯ ಬೆರಳುಗಳ ಮೇಲೆ ಸುಟ್ಟ ಗುರುತು. ಅಂಗಡಿಯಲ್ಲಿ ವಿಚಾರಿಸಿ ಬಂದಿದ್ದನಂತೆ. ತಂದೆಗೆ ಸಲಾಂ ಹೇಳಿದ. ಹಲ್ಲಿನವರಿಗೂ ತಲೆ ಬಾಗಿಸಿದ.

"ಬಾಪಾ, ನಾನು ಬಂದೆನಲ್ಲ. ಇನ್ನು ನಾನೇ ಓದ್ತೇನೆ" ಎಂದ.

ತಂದೆ ಮಗನನ್ನು ನೋಡಿದರು. ಕಣ್ಣಲ್ಲಿ ನೀರಿತ್ತು, ಸುಳ್ಳಲ್ಲ. ಜೇಬಿಗೆ ಕೈಹಾಕಿ ಒಂದು ಕಾಗದ ತೆಗೆದು ಅವನ ಕೈಗೆ ಕೊಟ್ಟರು. ಅಂಗಡಿಯ ಕಟ್ಟಡದ ಧನಿಗಳು ಬರೆದದ್ದು. ಜಗಲಿಯಲ್ಲಿ ಪೇರಿಸಿಟ್ಟ ಹಗ್ಗದ ಕಟ್ಟುಗಳನ್ನು ತೆಗೆಸಬೇಕೆಂದು. ಉಮ್ಮರ್ ನಿಂತೇ ಓದಿದ. ಕನ್ನಡ ಓದಿ ಎಷ್ಟೋ ಕಾಲವಾಗಿತ್ತೇನೋ, ಎರಡು ಕಡೆ ತೊದಲಿದ. ಸಾಲು ಸಾಲಿಗೆ ಅರ್ಥ ಹೇಳಿದ. ಮುಗಿಸಿ ತಂದೆಯ ಮುಖ ನೋಡಿದ.

ತಂದೆ ಕೈ ಚಾಚಿ ಕಾಗದವನ್ನು ಹಿಂದಕ್ಕೆ ತೆಗೆದುಕೊಂಡರು. ತೆಗೆದುಕೊಂಡು ಹಲ್ಲಿನವರ ಕಡೆ ನೀಡಿದರು.

"ಸರಿ ಓದಿದನಾ?"

ಹಲ್ಲಿನವರು ಕನ್ನಡಕ ಹಾಕಿಕೊಂಡರು. ನಾನು ಅವರ ಬಾಯಿಯನ್ನೇ ನೋಡಿದೆ. ಸರಿ ಎಂಬ ಎರಡಕ್ಷರ ಸಾಕಿತ್ತು. ಅವರು ಮೊದಲಿನಿಂದ ಕೊನೆಯವರೆಗೆ ಮನಸ್ಸಿನಲ್ಲೇ ಓದಿದರು. ಉಗುರು ಸಾಲಿನ ಕೆಳಗೆ ಸರಿಯುತ್ತ ಹೋಗಿ ಒಂದು ಕಡೆ ನಿಂತಿತು.

"ಒಂದು ಶಬ್ದ ಬಿಟ್ಟಿದ್ದಾನೆ" ಎಂದರು.

ಯಾವ ಶಬ್ದ ಎಂದು ಬ್ಯಾರಿಗಳು ಕೇಳಲಿಲ್ಲ. ಉಮ್ಮರನೂ ಕೇಳಲಿಲ್ಲ. ಬಾಗಿಲ ಹತ್ತಿರ ಇಟ್ಟಿದ್ದ ಕೊಡೆ ತೆಗೆದುಕೊಂಡು ಇಳಿದುಹೋದ. ಆ ಸಲ ಹೋದವನು ತಂದೆ ತೀರಿಕೊಂಡಾಗಲೂ ಬರಲಿಲ್ಲ. ಈಚೆಗೆ ಹಲ್ಲಿನವರು ಸತ್ತ ಸುದ್ದಿ ಅವನಿಗೆ ಮುಟ್ಟಿದೆಯೋ ಇಲ್ಲವೋ ನನಗೆ ತಿಳಿಯದು.

ಕಾಗದ ಮೇಜಿನ ಮೇಲೇ ಉಳಿದಿತ್ತು. ನಾನು ಎತ್ತಿಕೊಂಡು ನೋಡಿದೆ. ಹಲ್ಲಿನವರು ಹೇಳಿದ್ದು ನಿಜ. ಉಮ್ಮರ್ ಒಂದು ಶಬ್ದ ಬಿಟ್ಟಿದ್ದ, ಮೊದಲನೆಯ ಸಾಲಿನ ಮೊದಲನೆಯದು: 'ದಯವಿಟ್ಟು.'